ವಿಮಾನದ ದಿನ ಊರಲ್ಲಿ ಉಳಿದವನು

ಸಾತಲಿಂಗಪ್ಪನಿಗೆ ವಾರದಲ್ಲಿ ಇದ್ದದ್ದು ಒಂದೇ ದಿನ. ಅಕ್ಕಲಕೋಟದಲ್ಲಿ ರಸ್ತೆ, ಕಟ್ಟಡ ಕಟ್ಟಿಸುವ ಬಾಂಧಕಾಮ ಕಚೇರಿಯಲ್ಲಿ ಆತ ಕಾರಕೂನ. ಸೋಮವಾರದಿಂದ ಶನಿವಾರದವರೆಗೆ ಅವನು ಬದುಕಿದ್ದಾನೆಂಬುದಕ್ಕೆ ಹಾಜರಿ ಪುಸ್ತಕದ ಸಹಿಯೊಂದೇ ಸಾಕ್ಷಿ. ರವಿವಾರ ಬೆಳಗಾಯಿತೆಂದರೆ ಮನುಷ್ಯನೇ ಬೇರೆ. ಇಸ್ತ್ರಿ ಮುರಿಯದ ಸ್ಕೌಟ್ ಅಂಗಿ, ಕೊರಳಲ್ಲಿ ಸ್ಕಾರ್ಫ್, ಜೇಬಿನಲ್ಲಿ ಸೀಟಿ; ಐವತ್ತರ ಹತ್ತಿರ ಬಂದ ಮೊಣಕಾಲುಗಳನ್ನು ಅರ್ಧ ಚೊಣ್ಣದಲ್ಲಿ ಊರಿಗೆಲ್ಲ ತೋರಿಸುತ್ತ, ಸ್ಕೌಟ್ ಹುಡುಗರಿಗೆ ಕಲಿಸಲು ಹೈಸ್ಕೂಲಿನ ಮೈದಾನಕ್ಕೆ ನಡೆದುಬಿಡುತ್ತಿದ್ದ. ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ಪರವೂರವರು ಇವನನ್ನು ಪೊಲೀಸನೆಂದೇ ತಿಳಿದು ಗುಡಿಯ ದಾರಿ ಕೇಳುತ್ತಿದ್ದರು. ಇವನು ಪೊಲೀಸನಿಗಿಂತ ಚೆನ್ನಾಗಿ ದಾರಿ ಹೇಳುತ್ತಿದ್ದ.

ಲಗ್ನವಾಗಿರಲಿಲ್ಲ. ಅಪ್ಪ ಸಂಸ್ಥಾನದ ಕಾಲದ ಕಾರಕೂನ, ಬೇಗ ತೀರಿಕೊಂಡ. ತಂಗಿಯರಿಬ್ಬರ ಲಗ್ನ ಮುಗಿಯಲಿ, ಆಮೇಲೆ ನನ್ನದು ಎಂದು ಸಾತಲಿಂಗಪ್ಪ ಕಾಯ್ದ. ಅವು ಮುಗಿದ ಮೇಲೆ ಕನ್ಯೆ ನೋಡಲು ಸೋಲಾಪುರಕ್ಕೆ ಹೋದರೆ, ಆ ಮನೆಯವರು ಬಾಗಿಲಲ್ಲಿ ನಿಂತು ‘ವರ ಎಲ್ಲಿ?’ ಎಂದು ಇವನನ್ನೇ ಕೇಳಿದರಂತೆ. ಈ ಕಥೆಯನ್ನು ಅವನೇ ನಕ್ಕು ಹೇಳುತ್ತಿದ್ದ. ಕೇಳಿದವರೂ ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಅವರು ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು, ಇವನು ಪಾರ್ವತಿಬಾಯಿಯ ವಾಡೆಯ ಹಿಂದಿನ ಖೋಲಿಗೆ ಹೋಗುತ್ತಿದ್ದ.

ಪಾರ್ವತಿಬಾಯಿ ಎಪ್ಪತ್ತು ದಾಟಿದ ವಿಧವೆ. ಖೋಲಿಯ ಬಾಡಿಗೆಯ ಜೊತೆಗೆ ಎರಡು ಹೊತ್ತಿನ ಭಕ್ಕರಿಯ ಜವಾಬ್ದಾರಿಯನ್ನೂ ತಾನೇ ಮೈಮೇಲೆ ಎಳೆದುಕೊಂಡಿದ್ದಳು. ಸಾತಲಿಂಗಪ್ಪ ಅವಳನ್ನು ಆಯಿ ಎಂದು ಕರೆಯುತ್ತಿದ್ದ. ಆದರೆ ಆ ಖೋಲಿಯನ್ನು ಖೋಲಿಯಲ್ಲ, ಮನೆ ಎನ್ನುವಂತೆ ಮಾಡಿದ್ದವರು ಸ್ಕೌಟ್ ಹುಡುಗರು. ಸಂಜೆಯಾದರೆ ಸಾಕು, ‘ಸರ್, ಈ ಗಂಟು ಹ್ಯಾಂಗ್ರಿ?’ ‘ಸರ್, ಈ ಹಾಡಿನ ಮುಂದಿನ ನುಡಿ ಏನ್ರಿ?’ ಎಂದು ನಾಲ್ಕೈದು ಮಂದಿ ಒಳಗೆ ನುಗ್ಗುವರು. ಮರಾಠಿ ಶಾಲೆಯ ಹುಡುಗರು, ಕನ್ನಡ ಶಾಲೆಯ ಹುಡುಗರು, ಎಲ್ಲ ಒಂದೇ ಗದ್ದಲ. ಅವನ ಮಂಚದ ಕಾಲಿಗೆ ಕಟ್ಟಿ ಬಿಚ್ಚದ ಗಂಟು ಇರಲಿಲ್ಲ. ಆಯಿ ಹುರಿದ ಶೇಂಗಾದ ಬುಟ್ಟಿ ತಂದಿಟ್ಟು, ಸಿಪ್ಪೆ ಚೆಲ್ಲಿದರೆ ಕಾಲು ಮುರಿಯುತ್ತೇನೆಂದು ಹೆದರಿಸಿ ಹೋಗುವಳು.

ಸ್ಕೌಟ್ ಪಂಗಡಕ್ಕೆ ಸಾತಲಿಂಗಪ್ಪ ಹಾಕಿದ ಕಾನೂನು ಒಂದೇ. ಶಿಬಿರವಿರಲಿ, ಪರವೂರಿನ ಸಹಲಿ ಪ್ರವಾಸವಿರಲಿ, ಗುಡಿಯಲ್ಲಿ ಭಕ್ತರ ಚಪ್ಪಲಿ ಕಾಯುವ ಸೇವೆ ಇರಲಿ, ಕೆಲಸವಿಲ್ಲದವನು ಬರುವಂತಿಲ್ಲ. ಹಿಂದೆ ಪೇಟೆಯ ಸಾಹುಕಾರರ ಮಕ್ಕಳು ಕೆಲವರು ಬರೀ ತಿರುಗಾಡಲು, ತಿನ್ನಲು ಬರುತ್ತಿದ್ದರು; ಬಡ ಹುಡುಗರು ನೀರು ಹೊತ್ತು ಸಾಯುತ್ತಿದ್ದರು. ಆಗ ಸಾತಲಿಂಗಪ್ಪ ಸಿಟ್ಟಿಗೆದ್ದು ಮಾಡಿದ ಕಾನೂನು ಅದು. ‘ಸುಮ್ಮ ನೋಡಾಕ ಬರೂದಿದ್ರ ಮನ್ಯಾಗಿರು’ ಎಂಬುದು ಅವನ ಮಾತು. ಹುಡುಗರಿಗೆ ಅದು ಬಾಯಿಪಾಠವಾಗಿತ್ತು.

ಇಂಥವನು ಆ ಸೀಮೆಯನ್ನು ನಡುಗಿಸಿದ ಭೂಕಂಪದ ವರ್ಷದ ದೀಪಾವಳಿ ರಜೆಯಲ್ಲಿ ಪುಣೆಗೆ ಸ್ಕೌಟ್ ಮಾಸ್ತರರ ತರಬೇತಿಗೆ ಹೋಗಿ, ತಲೆಯಲ್ಲಿ ಒಂದು ಹೊಸ ಹುಳ ಬಿಟ್ಟುಕೊಂಡು ಬಂದ. ಅಲ್ಲಿ ಹೇಳಿದರಂತೆ: ಹುಡುಗರೇ ಯೋಜನೆ ಹಾಕಬೇಕು, ಹುಡುಗರೇ ನಡೆಸಬೇಕು, ಮಾಸ್ತರನಾದವನು ಕೇಳಿದರೆ ಮಾತ್ರ ಬಾಯಿ ತೆರೆಯಬೇಕು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಸಾತಲಿಂಗಪ್ಪನೂ ಬಂದ ಮೊದಲ ರವಿವಾರವೇ ಟೋಳಿನಾಯಕರನ್ನು, ಅಂದರೆ ಹುಡುಗರ ಸಣ್ಣ ಗುಂಪುಗಳ ಮುಖಂಡರನ್ನು, ಬೇವಿನ ಕಟ್ಟೆಯ ಮೇಲೆ ಕೂಡಿಸಿ, ‘ಇನ್ನ ಮ್ಯಾಲ ನೀವು ಹೇಳ್ರಿ, ನಾ ಕೇಳತೀನಿ’ ಎಂದುಬಿಟ್ಟ. ಹೇಳಿದಷ್ಟು ಸುಲಭವಾಗಿರಲಿಲ್ಲ. ಇಪ್ಪತ್ತು ವರ್ಷ ತಾನೇ ಎಲ್ಲ ಹೇಳಿ ರೂಢಿಯಾದ ನಾಲಿಗೆ ಸುಮ್ಮನಿರಬೇಕಲ್ಲ! ಅದಕ್ಕೆ ಉಪಾಯವಾಗಿ ಸಭೆ ನಡೆದಷ್ಟು ಹೊತ್ತೂ ಬಾಯಿಗೆ ಒಂದು ಅಡಿಕೆ ಹೋಳು ಹಾಕಿಕೊಂಡು, ಕಟ್ಟೆಯ ಆಚೆ ತುದಿಗೆ ಕೂತುಬಿಡುತ್ತಿದ್ದ.

ಸಂಕ್ರಮಣ ಮುಗಿದ ಮೇಲಿನ ಸಭೆಯಲ್ಲಿ ವಿಮಾನದ ಮಾತು ಬಂತು. ತಂದವನು ವೇದಾಂತ, ವಕೀಲರ ಮಗ, ಟೋಳಿನಾಯಕರಲ್ಲಿ ಎಲ್ಲರಿಗಿಂತ ಸಣ್ಣವನು, ಮಾತಿನಲ್ಲಿ ಎಲ್ಲರಿಗಿಂತ ದೊಡ್ಡವನು.

“ಭೂಕಂಪ ಆದಾಗ ನಮ್ಮ ತಲಿ ಮ್ಯಾಲಿಂದ ದಿನಾ ಹೆಲಿಕಾಪ್ಟರ್ ಹೋದವು. ನಾವು ಏನ ಮಾಡಿದ್ವಿ? ಖಾಲಿ ಕೈ ಬೀಸಿದ್ವಿ. ಅವು ಹ್ಯಾಂಗ ಹಾರ್ತಾವ ಅಂತ ನಮ್ಮ ಪೈಕಿ ಒಬ್ಬಂವಗರ ಗೊತ್ತೈತೇನು? ಈ ಸರತೆ ವಿಮಾನದ ವಿಷಯ ತೊಗೋಳೂಣು” ಎಂದ.

“ಅಕ್ಕಲಕೋಟಕ್ಕ ವಿಮಾನ ಎಲ್ಲಿಂದ ತರ್ತೀಯೋ? ಇಲ್ಲಿ ಎಸ್.ಟಿ. ಬಸ್ಸೂ ವ್ಯಾಳ್ಯಾಕ್ಕ ಬರೂದಿಲ್ಲ” ಎಂದು ಒಬ್ಬ ನಗೆಯಾಡಿದ.

ಹಿರಿಯ ನಾಯಕ ಸೋಮೇಶ ನಗಲಿಲ್ಲ. ಅವನು ವಾಗದರಿಯ ಹುಡುಗ. ಅತ್ತೆ ಕಸ್ತೂರಬಾಯಿಯ ಮನೆಯಲ್ಲಿದ್ದು ಒಂಬತ್ತನೆಯ ತರಗತಿ ಓದುತ್ತಿದ್ದ. ಮಾತು ಕಡಿಮೆ, ಆಡಿದರೆ ತೂಕ. “ವಿಮಾನ ಇಲ್ಲಂದ್ರೇನಾತು, ಗಾಳಿ ಐತೆಲ್ಲ. ಗಾಳಿಯಿಂದ ಚಾಲೂ ಮಾಡೂಣು” ಎಂದ.

ಆಚೆ ತುದಿಯಲ್ಲಿ ಸಾತಲಿಂಗಪ್ಪನ ಅಡಿಕೆ ಕಡಿಯುವುದು ನಿಂತಿತು. ಇಷ್ಟು ಚೆಂದದ ಮಾತನ್ನು ತಾನಾದರೂ ಹೇಳುತ್ತಿದ್ದೆನೋ ಇಲ್ಲವೋ ಎನ್ನಿಸಿತು ಅವನಿಗೆ. ಎದೆ ಉಬ್ಬಿತು. ಹುಡುಗರು ಯೋಜನೆ ಹಾಕಿದರು: ಮೊದಲು ಗಾಳಿಪಟ ಮತ್ತು ಕಾಗದದ ವಿಮಾನ, ಆಮೇಲೆ ಗಾಳಿಯ ದಿಕ್ಕು, ಆಮೇಲೆ ರೆಕ್ಕೆಯ ಆಕಾರ, ಕೊನೆಗೆ ಸೋಲಾಪುರದ ಹೊಟಗಿ ರಸ್ತೆಯ ವಿಮಾನ ಮೈದಾನಕ್ಕೆ ಹೋಗಿ ನಿಜವಾದ ವಿಮಾನ ನೋಡುವುದು. ಆ ಮೈದಾನದಲ್ಲಿ ವಿಮಾನಕ್ಕಿಂತ ದನಗಳೇ ಹೆಚ್ಚು ಓಡಾಡುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆದರೂ ಎಂದೋ ಒಮ್ಮೆ ಮಂತ್ರಿಗಳದೋ ಕಾರಖಾನೆಯ ಮಾಲಕರದೋ ಸಣ್ಣ ವಿಮಾನ ಇಳಿಯುವುದಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ಉಮೇದಿನಲ್ಲಿ ವೇದಾಂತ ಅಂದೇ ಪೈಲಟನಿಗೆ ಕೇಳುವ ಪ್ರಶ್ನೆಗಳನ್ನು ಹೇಳತೊಡಗಿದ.

ಮುಂದಿನ ರವಿವಾರಗಳಲ್ಲಿ ಮೈದಾನದ ಚಹರೆಯೇ ಬದಲಾಯಿತು. ಕಾಗದದ ವಿಮಾನಗಳು ಮೂಗು ಹಗುರಾಗಿ ಹಿಂದಕ್ಕೆ ಬಿದ್ದವು. ಮೂಗಿಗೆ ಗುಂಡುಸೂಜಿ ಚುಚ್ಚಿದರೆ ಮುಂದಕ್ಕೆ ಹೋದವು. ಗಾಳಿಯ ದಿಕ್ಕು ತೋರಿಸಲು ಬಟ್ಟೆಯ ಚೀಲವೊಂದು ಬೇಕಾಯಿತು. ಸಾತಲಿಂಗಪ್ಪ ತನ್ನ ಹಳೆಯ ಪಾಯಜಾಮೆ, ಆ ಕಡೆಯವರ ಬಾಯಲ್ಲಿ ಲೆಂಗಾ, ಕೊಟ್ಟ. ಹುಡುಗರು ಅದರ ಒಂದು ಕಾಲು ಕತ್ತರಿಸಿ, ಬಾಯಿಗೆ ತಂತಿಯ ಬಳೆ ಹಾಕಿ, ಉದ್ದ ಬಿದಿರಿನ ತುದಿಗೆ ಕಟ್ಟಿ ನಿಲ್ಲಿಸಿದರು. ‘ಸರ್ ಅವರ ಲೆಂಗಾ ಗಾಳಿ ಹೇಳಾಕತ್ತೈತಿ’ ಎಂದು ಊರೆಲ್ಲ ನಕ್ಕಿತು.

ತೊಂದರೆ ಏನೆಂದರೆ, ಅದು ಯಾವಾಗಲೂ ಒಂದೇ ದಿಕ್ಕು ತೋರಿಸುತ್ತಿತ್ತು. ಸಾತಲಿಂಗಪ್ಪ ನೋಡಿದೊಡನೆ ಕಾರಣ ಹಿಡಿದ. ಹುಡುಗರು ಸ್ಕೌಟರಲ್ಲವೇ, ತಾನೇ ಕಲಿಸಿದ ಗಂಟನ್ನು ಎಂಥ ಬಿಗಿಯಾಗಿ ಹಾಕಿದ್ದರೆಂದರೆ ಲೆಂಗಾದ ಕಾಲಿಗೆ ತಿರುಗಲು ಜಾಗವೇ ಇರಲಿಲ್ಲ. ಗಂಟು ಬರದವರು ಕಟ್ಟಿದ್ದರೆ ಸರಿಯಾಗಿರುತ್ತಿತ್ತು! ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ಅಡಿಕೆಯ ಜೊತೆ ಕಡಿದು ನುಂಗಿದ. ಮರುವಾರ ಚಪಳಗಾಂವದ ಹುಡುಗನೊಬ್ಬ ನಿಂತು ನೋಡಿ, “ರಾಶಿ ತೂರುವಾಗ ಹೊಟ್ಟು ಹಾರೂದು ಆ ಕಡೆ, ಇದು ನೋಡಿದ್ರ ಈ ಕಡೆ ಮಾರಿ ಮಾಡೈತಿ. ನಿಮ್ಮ ಲೆಂಗಾ ಸುಳ್ಳ ಹೇಳತೈತೋ” ಎಂದ. ಆಗ ಎಲ್ಲರೂ ಬಿದಿರು ಇಳಿಸಿ, ಗಂಟು ಬಿಚ್ಚಿ, ಸಡಿಲಾಗಿ ಉಂಗುರ ಹಾಕಿದರು. ಲೆಂಗಾದ ಕಾಲು ಗರಗರ ತಿರುಗಿತು. ಹುಡುಗರು ಕುಣಿದಾಡಿದರು. ಸಾತಲಿಂಗಪ್ಪನೂ ಚಪ್ಪಾಳೆ ತಟ್ಟಿದ. ಯಾರೂ ಅವನ ಕಡೆ ತಿರುಗಿ ನೋಡಲಿಲ್ಲ.

ಪುಣೆಯಲ್ಲಿ ಹೇಳಿಕೊಟ್ಟದ್ದು ಸುಳ್ಳಲ್ಲ. ಹುಡುಗರು ತಾವೇ ನಡೆಯಲು ಕಲಿತರು. ಆದರೆ ಹುಡುಗರು ತಾವೇ ನಡೆಯಲು ಕಲಿತ ಮೇಲೆ ಮಾಸ್ತರನಾದವನು ಸಂಜೆ ಎಲ್ಲಿ ಕೂತುಕೊಳ್ಳಬೇಕೆಂದು ಅಲ್ಲಿ ಯಾರೂ ಹೇಳಿರಲಿಲ್ಲ. ಕೇಳುವ ಕಾರಣವಿಲ್ಲವಾದ್ದರಿಂದ ಹುಡುಗರು ಈಗ ಖೋಲಿಗೆ ಬರುತ್ತಿರಲಿಲ್ಲ. ಸೋಮೇಶನ ಅತ್ತೆಯ ಮನೆಯ ಕಟ್ಟೆಯ ಮೇಲೆ ಸೇರುತ್ತಿದ್ದರು. ಕಚೇರಿಯಿಂದ ಬರುವಾಗ ಸಾತಲಿಂಗಪ್ಪ ಆ ಓಣಿಯ ಮೇಲೆ ಹಾದು ಬರುತ್ತಿದ್ದ. ‘ನಮಸ್ಕಾರ್ರಿ ಸರ್’ ಎಂದು ಎಲ್ಲರೂ ಎದ್ದು ನಿಲ್ಲುವರು. ಇವನು ‘ಕುಂದರ್ರಿ, ಕುಂದರ್ರಿ’ ಎನ್ನುವನು. ಅವರು ಕೂಡುತ್ತಿರಲಿಲ್ಲ, ಇವನು ಮುಂದೆ ಹೋಗಲಿ ಎಂದು ಮರ್ಯಾದೆಯಿಂದ ಕಾಯುತ್ತಿದ್ದರು. ಖೋಲಿಗೆ ಬಂದರೆ ಆಯಿ, “ಶೇಂಗಾ ಹುರದಿಟ್ಟೀನಿ, ತಿನ್ನವ್ರು ಎಲ್ಲಿ?” ಎನ್ನುವಳು. “ಅವರಿಗೆ ಕೆಲಸ ಭಾಳ ಆಯಿ” ಎಂದು ಹೇಳಿ, ಒಬ್ಬನೇ ನಾಲ್ಕು ಕಾಳು ತಿಂದು ಮಲಗುವನು. ಮನಸ್ಸಿಗೆ ಬಹಳ ತ್ರಾಸವಾಗುತ್ತಿತ್ತು. ಯಾರನ್ನು ಬೈಯುವುದು? ತಾನೇ ಬಿತ್ತಿದ ಬೆಳೆ.

ಅಷ್ಟರಲ್ಲಿ ಆಶಿಷನಿಂದ ಸುದ್ದಿ ಬಂತು. ಆಶಿಷ ಇದೇ ಪಂಗಡದ ಹಳೆಯ ಹುಡುಗ, ಈಗ ಸೋಲಾಪುರದಲ್ಲಿ ಚಾದರಿನ ವ್ಯಾಪಾರಿಯ ಬಳಿ ಕೆಲಸಕ್ಕಿದ್ದ. ಸೋಮೇಶ ಅವನ ಮೂಲಕ ವಿಮಾನ ಮೈದಾನದ ಅಧಿಕಾರಿಗೆ ಅರ್ಜಿ ಮುಟ್ಟಿಸಿದ್ದ. ಬರುವ ರವಿವಾರ ಒಂದು ಕಂಪನಿಯ ಸಣ್ಣ ವಿಮಾನ ಬರುವುದಿದೆ, ಇಳಿದು ನಿಂತ ಮೇಲೆ ಹತ್ತಿರ ಹೋಗಿ ನೋಡಬಹುದು, ಪೈಲಟ್ ಮಾತಾಡುತ್ತಾನೆ ಎಂದು ಪರವಾನಗಿ ಸಿಕ್ಕಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಾತಲಿಂಗಪ್ಪ ಅಷ್ಟು ವಯಸ್ಸಾದರೂ ನೆಲದ ಮೇಲೆ ನಿಂತ ವಿಮಾನವನ್ನು ಕಂಡವನಲ್ಲ. ಪುಣೆಯಲ್ಲಿ ರಾತ್ರಿ ಅದರ ಸದ್ದು ಕೇಳಿದ್ದ, ದೀಪ ನೋಡಿದ್ದ, ಅಷ್ಟೆ. ಸಣ್ಣವನಿದ್ದಾಗ ಆಕಾಶದಲ್ಲಿ ಸದ್ದಾದರೆ ಊಟದ ತಾಟು ಬಿಟ್ಟು ಅಂಗಳಕ್ಕೆ ಓಡುತ್ತಿದ್ದ. ಈಗಲೂ ಕಚೇರಿಯಲ್ಲಿ ಪೆನ್ನು ನಿಲ್ಲುತ್ತಿತ್ತು, ಓಡುವುದು ಮಾತ್ರ ಚೆಂದ ಕಾಣದೆಂದು ಕೂತಿರುತ್ತಿದ್ದ. ಹುಡುಗರು ಮಾತ್ರ ಸರ್ ಪುಣೆಗೆ ಹೋಗಿಬಂದವರು, ವಿಮಾನವೇನು ಅವರಿಗೆ ಹೊಸದೇ ಎಂದು ತಿಳಿದಿದ್ದರು. ಇವನೂ ಅಲ್ಲ ಎಂದಿರಲಿಲ್ಲ. ಈಗ ಆ ರವಿವಾರ ಹತ್ತಿರ ಬಂದಂತೆ ಅವನಿಗೆ ನಿದ್ದೆ ಹಾರಿತು. ಎಷ್ಟೋ ವರ್ಷದಿಂದ ಯಾವುದನ್ನೂ ಇಷ್ಟು ಬಯಸಿರಲಿಲ್ಲ. ವಿಮಾನದ ರೆಕ್ಕೆಯ ಮೇಲೆ ಒಮ್ಮೆ ಕೈಯಿಡಬೇಕು, ಸುತ್ತಲೂ ತನ್ನ ಹುಡುಗರಿರಬೇಕು, ಅಷ್ಟು ಸಾಕು ಎನ್ನಿಸುತ್ತಿತ್ತು. ಗುರುವಾರವೇ ಅಂಗಿ ಚೊಣ್ಣ ಒಗೆದು, ಗಂಜಿ ಹಾಕಿ, ಇಸ್ತ್ರಿಗೆ ಕೊಟ್ಟ. “ಏನಪಾ, ಇನ್ನೊಂದು ಕನ್ಯಾ ನೋಡಾಕ ಹೊಂಟೀಯೇನು?” ಎಂದಳು ಆಯಿ. “ಇಲ್ಲ ಆಯಿ, ರವಿವಾರ ನಮ್ಮ ಹುಡುಗೂರು ಸೋಲಾಪುರಕ್ಕ ವಿಮಾನ ನೋಡಾಕ ಹೊಂಟಾರ” ಎಂದು ಮಗುವಿನಂತೆ ನಕ್ಕ.

ಶುಕ್ರವಾರ ಸಂಜೆ ಬೇವಿನ ಕಟ್ಟೆಯ ಮೇಲೆ ಇಡೀ ಪಂಗಡ ಕೂಡಿತು. ಸೋಮೇಶ ನಿಂತು ಒಬ್ಬೊಬ್ಬರಿಗೆ ಕೆಲಸ ಹಂಚಿದ. ಇಬ್ಬರು ಗಾಳಿ ನೋಡಬೇಕು. ಒಬ್ಬ ರೆಕ್ಕೆಯ ಚಿತ್ರ ತೆಗೆಯಬೇಕು. ವೇದಾಂತ ಪೈಲಟನಿಗೆ ಪ್ರಶ್ನೆ ಕೇಳಬೇಕು. ನೀರಿನ ಕ್ಯಾನು ಒಬ್ಬನಿಗೆ, ಔಷಧದ ಪೆಟ್ಟಿಗೆ ಒಬ್ಬನಿಗೆ, ಭಕ್ಕರಿ ಗಂಟು ಇಬ್ಬರಿಗೆ. ಸಾತಲಿಂಗಪ್ಪ ಆಚೆ ತುದಿಯಲ್ಲಿ ಕೂತು ತನ್ನ ಹೆಸರಿಗಾಗಿ ಕಾಯ್ದ. ಭಕ್ಕರಿ ಗಂಟಾದರೂ ಆದೀತು ಎಂದುಕೊಂಡ, ಅದು ಹೋಯಿತು. ಬಸ್ಸಿನಲ್ಲಿ ವಾಂತಿ ಮಾಡುವವರನ್ನು ನೋಡಿಕೊಳ್ಳುವ ಕೆಲಸ ಉಳಿದಿತ್ತು. ಅದಾದರೂ ಅಡ್ಡಿಯಿಲ್ಲ ಎಂದು ಬೆನ್ನು ನೆಟ್ಟಗೆ ಮಾಡಿ ಕೂತ. ಅದೂ ಚಪಳಗಾಂವದ ಹುಡುಗನ ಪಾಲಾಯಿತು.

“ಎಲ್ಲಾರಿಗೂ ಆತು. ಕೆಲಸ ಇಲ್ದಂವ ಯಾರೂ ಉಳದಿಲ್ಲಲ್ಲ?” ಎಂದು ಸೋಮೇಶ ಕೇಳಿದ. ಅವನ ಕಣ್ಣು ಸಾಲಿನ ಮೇಲೆ ಹಾದುಹೋಗಿ, ಸಾತಲಿಂಗಪ್ಪನ ಬಳಿ ಬಂದಾಗ ಮರ್ಯಾದೆಯಿಂದ ಕೆಳಗಾಯಿತು.

“ಯಾರೂ ಇಲ್ಲ” ಎಂದರು ಎಲ್ಲರೂ. ಸಾತಲಿಂಗಪ್ಪನ ಅಡಿಕೆ ಇಡಿಯಾಗಿ ಗಂಟಲೊಳಗೆ ಇಳಿಯಿತು.

ಮನೆಯ ದಾರಿಯಲ್ಲಿ ವೇದಾಂತ ಜೊತೆಗೆ ಬಂದ. ಮಾತಿನ ಮಲ್ಲ, ಕೇಳದೆಯೇ ಹೇಳಿದ: “ಸರ್, ನಿಮಗೂ ಒಂದು ಕೆಲಸ ಹಚ್ಚೂಣು ಅಂತ ನಾ ಅಂದಿದ್ದೆ. ‘ಸರ್ ಅವರಿಗೆ ಕೆಲಸ ಹಚ್ಚತೀಯೇನೋ, ಬುದ್ಧಿ ಐತಿಲ್ಲೋ’ ಅಂತ ಸೋಮೇಶ ಬೈದ. ಬರೋಬ್ಬರಿ ಐತಿ ಬಿಡ್ರಿ ಅವಂದು. ಹಿರ್ಯಾರಿಗೆ ಅದ ಮಾಡ್ರಿ, ಇದ ಮಾಡ್ರಿ ಅನ್ನಾಕ ಬರತೈತೇನ್ರಿ?”

ಸಾತಲಿಂಗಪ್ಪನಿಗೆ ಎಲ್ಲ ತಿಳಿಯಿತು. ಹುಡುಗರು ಮರೆತಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಕೆಲಸ ಹೇಳಿದರೆ ಅಮರ್ಯಾದೆ. ಕೆಲಸ ಹೇಳದಿದ್ದರೆ ಅವನದೇ ಕಾನೂನಿನಂತೆ ಬರುವಂತಿಲ್ಲ. ಎರಡರ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದವನು ತಾನು. ಹುಡುಗರನ್ನು ಕರೆದೊಯ್ಯಲು ಆಶಿಷ ಹೇಗೂ ಬರುವವನಿದ್ದ, ಹಿರಿಯರೊಬ್ಬರು ಬೇಕೆಂಬ ನೆವವೂ ಇರಲಿಲ್ಲ. ‘ಕಾನೂನು ನಿಮಗಽ, ನನಗಲ್ಲ’ ಎಂದು ಬಸ್ಸು ಹತ್ತಿಬಿಡಬಹುದಿತ್ತು. ಬೇರೆ ಯಾರಾದರೂ ಹತ್ತಿಬಿಡುತ್ತಿದ್ದರು. ಆದರೆ ಸುಮ್ಮ ನೋಡಾಕ ಬರೂದಿದ್ರ ಮನ್ಯಾಗಿರು ಎಂದು ಎಷ್ಟು ಮಕ್ಕಳನ್ನು ತಿರುಗಿಸಿ ಕಳಿಸಿದ್ದನೋ! ಆ ಮುಖಗಳು ನೆನಪಾದವು.

ಶನಿವಾರ ಇಡೀ ದಿನ ಕಚೇರಿಯಲ್ಲಿ ಅವನು ಬರೆದದ್ದೆಲ್ಲ ತಪ್ಪಾಯಿತು. ಸಂಜೆ ಮನಸ್ಸು ಗಟ್ಟಿ ಮಾಡಿ ಕಸ್ತೂರಬಾಯಿಯ ಮನೆಗೆ ಹೋದ. ಟೋಳಿನಾಯಕರೆಲ್ಲ ಕಟ್ಟೆಯ ಮೇಲಿದ್ದರು. ಆಶಿಷನೂ ಮರುದಿನ ಇವರನ್ನು ಕರೆದೊಯ್ಯಲು ಬಂದು ಕೂತಿದ್ದ. ಎಲ್ಲರೂ ಎದ್ದು ನಿಂತರು. ಸಾತಲಿಂಗಪ್ಪ ಈ ಸಲ ಮುಂದೆ ಹೋಗಲಿಲ್ಲ. ಕೊರಳಿನ ಬೆವರು ಒರೆಸಿಕೊಂಡ. ‘ನನಗೂ ವಿಮಾನ ನೋಡಬೇಕಾಗೈತಿ’ ಎಂಬ ಮಾತನ್ನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ. ಮಕ್ಕಳ ಮುಖ ನೋಡಿದೊಡನೆ ಅದು ಬಾಯಲ್ಲಿ ಬೇರೆಯೇ ಮಾತಾಗಿ ತಿರುಗಿತು.

“ಸೋಮೇಶ, ನನಗೂ ಒಂದು ಕೆಲಸ ಕೊಡ್ರಪಾ” ಎಂದ.

ಸೋಮೇಶ ಕೆಂಪಾದ. “ಏನ್ರಿ ಸರ್... ನಿಮಗ...” ಎಂದು ತಡವರಿಸಿ, “ಸಭಾದಾಗ ವಿಚಾರ ಮಾಡಿ ನಕ್ಕಿ ಮಾಡತೀವ್ರಿ. ಒಂದಿಷ್ಟು ಒಳಗ ಕುಂದರ್ರಿ” ಎಂದ. ಕಸ್ತೂರಬಾಯಿ ಚಹಾ ಕೊಟ್ಟಳು. ಸಾತಲಿಂಗಪ್ಪ ನಡುಮನೆಯಲ್ಲಿ ಕೂತು, ಹೊರಗಿನ ಪಿಸುಮಾತು ಕೇಳುತ್ತ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನಂತೆ ಕಪ್ಪು-ಬಸಿಯನ್ನು ತಿರುಗಿಸಿದ. ನೀರಿನ ಕ್ಯಾನು ಕೊಡಲಿ ದೇವರೇ, ನೀರಿನ ಕ್ಯಾನು.

ಕರೆ ಬಂತು. ಹುಡುಗರ ಮುಖಗಳು ಅರಳಿದ್ದವು. ದೊಡ್ಡ ಉಡುಗೊರೆ ಬಚ್ಚಿಟ್ಟುಕೊಂಡವರ ಹಾಗೆ ಒಬ್ಬರನ್ನೊಬ್ಬರು ನೋಡುತ್ತಿದ್ದರು.

“ಸರ್, ಆಶಿಷಣ್ಣ ಹೇಳಿದ” ಎಂದು ಸೋಮೇಶ ಶುರು ಮಾಡಿದ. “ವಿಮಾನದ ಮೈದಾನದಾಗ ಒಬ್ಬರು ಕೆಳಗ ಇರ್ತಾರಂತ್ರಿ. ಯಾವ ವಿಮಾನ ಹೋತು, ಯಾವದು ಹೊಳ್ಳಿ ಬರೂದೈತಿ, ಎಲ್ಲಾ ಅವರ ಕೈಯಾಗ. ಅವರು ಇಲ್ದ ವಿಮಾನ ಹಾರಂಗಿಲ್ಲಂತ. ನಮಗೂ ಹಂಗ ಒಬ್ಬರು ಬೇಕಲ್ರಿ. ನಾವು ಹೋಗಿ ಬರೂತನಕ ನೀವು ಸಾಲ್ಯಾಗ ಇರಬೇಕು. ಯಾರದರ ಮನಿಯವ್ರು ಕೇಳಾಕ ಬಂದ್ರ ನೀವು ಹೇಳಬೇಕು.”

“ಎಲ್ಲಾರಕಿಂತ ದೊಡ್ಡ ಕೆಲಸ್ರಿ ಸರ್” ಎಂದ ವೇದಾಂತ. “ನಮ್ಮಂಥ ಸಣ್ಣವ್ರಿಗೆ ಕೊಡಾಕ ಬರಂಗಿಲ್ಲ. ನೀವೇನು, ವಿಮಾನ ನೋಡಿದವ್ರು.”

ಕೆಲಸ ಕೇಳಿದ್ದ. ಕೆಲಸ ಸಿಕ್ಕಿತ್ತು. ಹುಡುಗರು ತಮಗೆ ತಿಳಿದ ಎಲ್ಲ ಬುದ್ಧಿ, ಎಲ್ಲ ಪ್ರೀತಿ ಹಾಕಿ ಹುಡುಕಿದ ಕೆಲಸ.

“ಛಲೋ ನಕ್ಕಿ ಮಾಡೀರಿ” ಎಂದ ಸಾತಲಿಂಗಪ್ಪ.

ರವಿವಾರ ಬೆಳಗಿನ ಬಸ್ಸಿಗೆ ಹುಡುಗರನ್ನು ಹತ್ತಿಸಿ, ಕೈ ಬೀಸಿ, ಗಂಜಿ ಹಾಕಿದ ಅಂಗಿಯಲ್ಲಿ ಶಾಲೆಯ ಪಡಸಾಲೆಗೆ ಬಂದು ಕೂತ. ಮೈದಾನ ಖಾಲಿ. ಮೂಡಗಾಳಿ ಬೀಸುತ್ತಿತ್ತು. ಈಗ ವಿಮಾನ ಇಳಿದಿರಬಹುದು, ಈಗ ಹುಡುಗರು ಹತ್ತಿರ ಹೋಗಿರಬಹುದು ಎಂದು ಮನಸ್ಸು ಹೊಟಗಿ ರಸ್ತೆಯಲ್ಲೇ ಸುತ್ತುತ್ತಿತ್ತು. ವೇದಾಂತನ ಅಪ್ಪ ವಕೀಲರು ಸ್ಕೂಟರ್ ನಿಲ್ಲಿಸಿ, “ಅರೇ, ನೀವು ಹೋಗಲಿಲ್ಲೇನ್ರಿ?” ಎಂದರು. “ಇಲ್ರಿ, ಇಲ್ಲಿ ಜಬಾಬದಾರಿ ಐತಿ” ಎಂದ. “ಒಬ್ಬರಽ ಕುಂತೀರಿ, ಮನಿಗೆ ಬಂದು ಚಹಾ ಕುಡದು ಹೋಗ್ರಿ” ಎಂದರು. ಜಾಗ ಬಿಟ್ಟು ಹೋಗುವಂತಿರಲಿಲ್ಲ. ಹೋಗಲಿಲ್ಲ.

ಹೊತ್ತು ಇಳಿಯುತ್ತ ಬಂದರೂ ಹುಡುಗರ ಸುಳಿವಿಲ್ಲ. ಒಬ್ಬೊಬ್ಬರಾಗಿ ತಾಯಂದಿರು ಬಂದರು. ಕಸ್ತೂರಬಾಯಿ ಅಳುವುದೊಂದು ಬಾಕಿ. “ಹೆತ್ತವ್ರು ಕೂಸಿನ್ನ ನನ್ನ ಕಡೆ ಬಿಟ್ಟಾರ, ನಾ ಏನ ಉತ್ತರ ಕೊಡ್ಲಿ?” ಎಂದು ಸೆರಗು ಬಾಯಿಗೆ ಹಿಡಿದಳು. ಸಾತಲಿಂಗಪ್ಪ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಬಸ್‌ ನಿಲ್ದಾಣಕ್ಕೆ ಓಡಿದ, ಹೌದು, ಓಡಿದ. ವಳಸಂಗದ ಹತ್ತಿರ ಬಸ್ಸು ಕೆಟ್ಟು ನಿಂತಿದೆ, ಹಿಂದಿನ ಬಸ್ಸಿಗೆ ಮಂದಿಯನ್ನು ಹತ್ತಿಸಿದ್ದಾರೆ, ಯಾರಿಗೂ ಏನೂ ಆಗಿಲ್ಲ ಎಂಬ ಸುದ್ದಿ ತಂದ. ಅಂಜಬ್ಯಾಡ್ರಿ, ಇನ್ನೇನು ಬಂದ್ರು ಎಂದು ಒಬ್ಬೊಬ್ಬರಿಗೂ ಹೇಳಿದ. ಅವನ ಮಾತಿಗೆ ಜನ ಸಮಾಧಾನಗೊಂಡರು. ಹುಡುಗರು ಹೇಳಿದ್ದು ನಿಜವೇ ಆಗಿತ್ತು, ಅಲ್ಲಿ ಒಬ್ಬನು ಬೇಕಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಹುಡುಗರು ಬಂದರು. ಮೈತುಂಬ ಧೂಳು, ಬಾಯಿತುಂಬ ವಿಮಾನ. ಸೋಮೇಶ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು, “ಸರ್, ಎಲ್ಲಾರೂ ಹೊಳ್ಳಿ ಬಂದಾರ್ರಿ” ಎಂದ. ಸಾತಲಿಂಗಪ್ಪನೂ ಸೆಲ್ಯೂಟ್ ಹೊಡೆದ. ಆಮೇಲೆ ಗದ್ದಲವೋ ಗದ್ದಲ. ಗಾಳಿಗೆ ಎದುರಾಗೇ ಇಳೀತ್ರಿ! ರೆಕ್ಕಿ ಮುಟ್ಟಿದ್ವಿ, ಬಿಸಿ ಇತ್ತು! ಪೈಲಟ್ ವೇದಾಂತನ ಪ್ರಶ್ನಾಕ್ಕ ತಲಿ ಕೆರಕೊಂಡ್ರಿ! ಹೊಟ್ಟ್ಯಾಗ ಸಣ್ಣ ಗಾಲಿ ಇರ್ತಾವ, ನಮ್ಮ ಲೂನಾ ಗಾಡಿ ಗಾಲಿ ಇದ್ದಂಗ! ಅವನು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ತಿರುಗುತ್ತ, ಒಂದು ಮಾತೂ ನೆಲಕ್ಕೆ ಬೀಳದ ಹಾಗೆ ಕೇಳಿಸಿಕೊಂಡ. ಕೇಳುತ್ತಿರುವಾಗಲೇ ಅಪ್ಪ ಅವ್ವಂದಿರು ಒಬ್ಬೊಬ್ಬರನ್ನೇ ಕೈ ಹಿಡಿದು ಎಳೆದೊಯ್ದರು. ಕತೆಗಳು ಅರ್ಧರ್ಧಕ್ಕೆ ಓಣಿಗಳಲ್ಲಿ ಕರಗಿದವು. ಕೊನೆಗೆ ಪಡಸಾಲೆಯಲ್ಲಿ ಸಾತಲಿಂಗಪ್ಪ ಒಬ್ಬನೇ ಉಳಿದ. ಬಾಗಿಲಿಗೆ ಕೀಲಿ ಹಾಕಿದ.

ವಾಡೆಯಲ್ಲಿ ಆಯಿ ಭಕ್ಕರಿ ಬಡಿಯುತ್ತ ಕೂತಿದ್ದಳು. ನಸುಕಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಹೋದವನು ಈಗ ಬಂದಿದ್ದಾನೆ, ಸೋಲಾಪುರದಿಂದಲೇ ಬಂದನೆಂದು ಅವಳ ತಿಳುವಳಿಕೆ. “ಬಾ ಬಾ, ಕುಂದ್ರು. ಹ್ಯಾಂಗಿತ್ತು ಹೇಳು” ಎಂದು ತಾಟು ಮುಂದೆ ತಳ್ಳಿದಳು.

ಸಾತಲಿಂಗಪ್ಪ ಹೇಳಿದ. ಗಾಳಿಗೆ ಎದುರಾಗಿ ಇಳಿದದ್ದು, ಧೂಳು ಎದ್ದದ್ದು, ಸಣ್ಣ ಗಾಲಿಗಳು, ಪೈಲಟ್ ತಲೆ ಕೆರೆದುಕೊಂಡದ್ದು, ಎಲ್ಲ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳೆಂಬುದು ಒಂದೂ ಇರಲಿಲ್ಲ. ಮುದುಕಿ ಭಕ್ಕರಿ ಹೊತ್ತುವುದನ್ನೂ ಮರೆತು ಕೇಳಿದಳು.

“ಬಿಸಿ ಇತ್ತಂತ ಆಯಿ ರೆಕ್ಕಿ. ಹುಡುಗೂರು ಮುಟ್ಟಿದ್ರು.”

“ಹುಡುಗೂರದು ಬಿಡು. ನೀ?”

ಅವನ ಕೈ ತಾಟಿನಲ್ಲಿ ನಿಂತಿತು. ನೀ ಎಂದು ಅವನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಮುರಿದ ತುತ್ತನ್ನು ಹಾಗೇ ಇಟ್ಟ.

“ನಾ ಹೋಗೇ ಇಲ್ಲ ಆಯಿ. ನಾ ಸಾಲ್ಯಾಗ ಕುಂತಿದ್ದೆ.” ಅವನ ಧ್ವನಿ ಒಡೆಯಿತು. “ನನಗೂ ನೋಡಬೇಕಾಗಿತ್ತು. ಅವರ ಜೋಡಿ ನಿಂತು ನೋಡಬೇಕಾಗಿತ್ತು.”

ಪಾರ್ವತಿಬಾಯಿ ಒಲೆಯ ಉರಿ ಹಿಂದಕ್ಕೆ ಎಳೆದಳು. “ಹುಚ್ಚಪ್ಪಾ, ಇದನ್ನ ಆ ಹುಡುಗೂರ ಮುಂದ ಹೇಳಬೇಕಿತ್ತಲ್ಲೋ. ನಿನ್ನ ಹೊತಗೊಂಡು ಒಯ್ತಿದ್ರು.”

“ಹೇಳಾಕ ಹೋಗಿದ್ದೆ ಆಯಿ” ಎಂದ ಸಾತಲಿಂಗಪ್ಪ. “ಕೆಲಸ ಬೇಡಿ ಬಂದೆ.”